ಹುಳುಮನೆಯೂ ಕಿರು ಆರ್.ಎನ್.ಎ.ಯೂ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಮನೆಗಳ ದಿನಚರಿಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತು. ಹುಳು ಜ್ವರಕ್ಕೆ ಕೂತಿತೆಂದರೆ ಮನೆಯವರ ಗಮನವೆಲ್ಲ ತಟ್ಟೆಗಳ ಮೇಲೆಯೇ. ಹುಳು ಹಣ್ಣಾಗಿ, ಚಂದ್ರಿಕೆಗೆ ಏರಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಯನ್ನು ಮುಟ್ಟುವವರೆಗೆ ಯಾರಿಗೂ ನೆಮ್ಮದಿಯಿಲ್ಲ. ಕೆಲವು ಕಾಲದ ಹಿಂದೆ ಅಲ್ಲಿನ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ. ಇನ್ನು ಮೂರು ದಿನಕ್ಕೆ ಹಣ್ಣಾಗಬೇಕಿದ್ದ ಹುಳುಗಳಿಗೆ ಹಾಲುತೊಂಡೆ ರೋಗ ತಗಲಿತ್ತು. ಮೈ ಊದಿ, ಚರ್ಮ ಬಿರಿದು, ಹಾಲಿನಂಥ ರಸ ಸೊಪ್ಪಿನ ಮೇಲೆ ಸುರಿಯುತ್ತಿತ್ತು. ಅವನು ಅವನ್ನೆಲ್ಲ ಗುಂಡಿಗೆ ಹಾಕಿ, ಸುಣ್ಣ ಚೆಲ್ಲಿ ಮಣ್ಣೆಳೆಯುತ್ತಿದ್ದ. “ಮೇಷ್ಟ್ರೇ, ದನಕ್ಕೆ ಮದ್ದಿದೆ, ಮನುಷ್ಯನಿಗೆ ಮದ್ದಿದೆ. ಈ ಹುಳಕ್ಕೆ ಯಾಕೆ ಮದ್ದಿಲ್ಲ?” ಎಂದು ಕೇಳಿದ.

ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ಓದುತ್ತ ಹೋದಾಗ ನನಗೆ ತಿಳಿದದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಹಾಲುತೊಂಡೆಯನ್ನು ತರುವುದು ಒಂದು ವೈರಸ್ಸು. ಅದು ಹುಳುವಿನ ಜೀವಕೋಶಗಳ ಒಳಹೊಕ್ಕು, ಆ ಕೋಶಗಳ ಸಲಕರಣೆಗಳಿಂದಲೇ ತನ್ನ ಸಂತತಿಯನ್ನು ಬೆಳೆಸಿಕೊಳ್ಳುತ್ತದೆ. ಕಳ್ಳನೂ ಮನೆಯವರೂ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿರುವಾಗ ಒಲೆಯನ್ನು ಆರಿಸಿದರೆ ಇಬ್ಬರಿಗೂ ಊಟವಿಲ್ಲ. ಮೇಲಾಗಿ ಹುಳುವಿನ ಸೊಪ್ಪು ತಿನ್ನುವ ಬದುಕು ಒಂದು ತಿಂಗಳಿಗಿಂತ ಕಡಿಮೆ. ರೋಗ ಕಣ್ಣಿಗೆ ಕಾಣುವ ವೇಳೆಗೆ ಕಾಲ ಮೀರಿರುತ್ತದೆ. ಹಾಗಾದರೆ ಕಳ್ಳನ ಅಡುಗೆಯೊಂದನ್ನೇ ಕೆಡಿಸುವ ಉಪಾಯವುಂಟೆ? ಉಂಟು ಎಂಬುದನ್ನು ತೋರಿಸಿಕೊಟ್ಟದ್ದು ಕಿರು ಆರ್.ಎನ್.ಎ.ಗಳ ಅಧ್ಯಯನ.

ಮೊದಲು ಮೂಲ ಸಂಗತಿಯನ್ನು ನೋಡೋಣ. ಹುಳುವಿನ ಕರುಳಿನ ಕೋಶದಲ್ಲಿಯೂ ರೇಷ್ಮೆ ಗ್ರಂಥಿಯ ಕೋಶದಲ್ಲಿಯೂ ಇರುವ ಡಿ.ಎನ್.ಎ. ಒಂದೇ. ಆದರೂ ರೇಷ್ಮೆ ತಯಾರಾಗುವುದು ಗ್ರಂಥಿಯಲ್ಲಿ ಮಾತ್ರ. ಡಿ.ಎನ್.ಎ.ಯನ್ನು ಭಂಡಾರದಲ್ಲಿ ಭದ್ರವಾಗಿಟ್ಟ ಮೂಲಪ್ರತಿ ಎಂದುಕೊಳ್ಳಿ. ಅದರಲ್ಲಿ ಬೇಕಾದ ಜೀನಿನ, ಅಂದರೆ ವಂಶವಾಹಿಯ, ನಕಲು ಆರ್.ಎನ್.ಎ. ರೂಪದಲ್ಲಿ ಹೊರಬರುತ್ತದೆ. ಆ ನಕಲನ್ನು ಓದಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ಯಾವ ಜೀನು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಹತೋಟಿ ಹಲವು ಹಂತಗಳಲ್ಲಿ ನಡೆಯುತ್ತದೆ. ಹೊರಬಂದ ನಕಲನ್ನು ದಾರಿಯಲ್ಲಿಯೇ ತಡೆಯುವುದು ಅವುಗಳಲ್ಲೊಂದು. ಆ ಕೆಲಸ ಮಾಡುವವು ಸುಮಾರು ಇಪ್ಪತ್ತರಿಂದ ಮೂವತ್ತು ಅಕ್ಷರಗಳಷ್ಟೇ ಉದ್ದವಿರುವ ಕಿರು ಆರ್.ಎನ್.ಎ.ಗಳು. ಇವುಗಳ ಅಕ್ಷರಗಳು ನಕಲಿನ ಅಕ್ಷರಗಳೊಡನೆ ಜೋಡಿಯಾಗಿ ಹೊಂದಿಕೊಂಡರೆ, ಇವುಗಳನ್ನು ಹೊತ್ತ ಪ್ರೋಟೀನು ಆ ನಕಲನ್ನು ಕತ್ತರಿಸುತ್ತದೆ, ಇಲ್ಲವೆ ಓದದಂತೆ ತಡೆಯುತ್ತದೆ.

ಇದು ಮೊದಲು ಬೆಳಕಿಗೆ ಬಂದದ್ದೂ ಒಂದು ಹುಳುವಿನಿಂದಲೇ. ಅದು ನಮ್ಮ ರೇಷ್ಮೆ ಹುಳುವಲ್ಲ. ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬಾಳುವ ದುಂಡುಹುಳು. ಅದರ ಒಂದು ವಿಕೃತ ತಳಿ ಎಳೆಯ ಹಂತವನ್ನೇ ಮತ್ತೆ ಮತ್ತೆ ಆಚರಿಸುತ್ತಿತ್ತು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಮೊದಲ ಜ್ವರ ಮುಗಿಸಿದ ಹುಳು ಮುಂದೆಯೂ ಮೊದಲ ಜ್ವರದ ಹುಳುವಿನಂತೆಯೇ ಬೆಳೆಯುತ್ತಿತ್ತು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಎಂಬ ವಿಜ್ಞಾನಿಗಳು ಇದರ ಕಾರಣವನ್ನು 1993ರಲ್ಲಿ ಪ್ರಕಟಿಸಿದರು. ಎಳೆತನದ ಜೀನೊಂದನ್ನು ತಕ್ಕ ಕಾಲದಲ್ಲಿ ಅಡಗಿಸಬೇಕಾದ ಕಿರು ಆರ್.ಎನ್.ಎ. ಆ ತಳಿಯಲ್ಲಿ ಕೆಟ್ಟುಹೋಗಿತ್ತು. ಈ ಶೋಧಕ್ಕೆ 2024ರಲ್ಲಿ ನೊಬೆಲ್ ಬಹುಮಾನ ಸಂದಿತು. ಜೋಡಿ ಎಳೆಯ ಆರ್.ಎನ್.ಎ.ಯನ್ನು ಹೊರಗಿನಿಂದ ಕೊಟ್ಟು ನಾವು ಆಯ್ದ ಜೀನನ್ನು ಅಡಗಿಸಬಹುದೆಂದು ಅದೇ ಜಾತಿಯ ಹುಳುವಿನಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ತೋರಿಸಿದ್ದರು. ಅವರಿಗೆ ಆ ಬಹುಮಾನ 2006ರಲ್ಲಿಯೇ ಬಂದಿತ್ತು.

ಮನುಷ್ಯರಾದ ನಮ್ಮಲ್ಲಿಯೂ ಇಂಥ ಕಿರು ಆರ್.ಎನ್.ಎ.ಗಳು ನೂರಾರು ಇವೆ. ಅವು ತಪ್ಪಿದಲ್ಲಿ ಕಾಯಿಲೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಎರಡು ಕಿರು ಆರ್.ಎನ್.ಎ.ಗಳ ಜೀನುಗಳು ಅನೇಕ ರೋಗಿಗಳಲ್ಲಿ ಕಳೆದುಹೋಗಿರುತ್ತವೆ ಎಂಬುದು 2002ರಲ್ಲಿ ತಿಳಿಯಿತು. ಸಾಯಬೇಕಾದ ಕೋಶಗಳನ್ನು ಸಾಯಗೊಡದ ಪ್ರೋಟೀನೊಂದನ್ನು ಅವು ಹದ್ದಿನಲ್ಲಿಡುತ್ತವೆ. ಕಾವಲು ಹೋದರೆ ಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಇನ್ನೊಂದೆಡೆ, ನರಗಳನ್ನು ಕೆಡಿಸುವ ಒಂದು ವಂಶಪಾರಂಪರ್ಯ ರೋಗಕ್ಕೆ ಕಿರು ಆರ್.ಎನ್.ಎ.ಯನ್ನೇ ಔಷಧವಾಗಿ ಬಳಸಲು 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆ ಬಗೆಯ ಔಷಧಗಳಲ್ಲಿ ಅದೇ ಮೊದಲನೆಯದು.

ಇನ್ನು ನಮ್ಮ ಹುಳುಮನೆಗೆ ಮರಳೋಣ. ರೇಷ್ಮೆ ಹುಳು ಹೆಣ್ಣಾಗುವುದು ಕೂಡ ಒಂದು ಕಿರು ಆರ್.ಎನ್.ಎ.ಯಿಂದ ಎಂಬುದನ್ನು ಟೋಕಿಯೊ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿತು. ಗಂಡುತನವನ್ನು ತರುವ ಜೀನೊಂದು ಗಂಡು ಹೆಣ್ಣುಗಳೆರಡರಲ್ಲಿಯೂ ಇದೆ. ಹೆಣ್ಣಿನಲ್ಲಿ ಮಾತ್ರ ಇರುವ ವರ್ಣತಂತುವಿನಿಂದ ಹುಟ್ಟುವ ಕಿರು ಆರ್.ಎನ್.ಎ. ಅದನ್ನು ಅಡಗಿಸುತ್ತದೆ. ಬಿತ್ತನೆ ಕೋಠಿಗಳಲ್ಲಿ ಸಂಕರ ಮೊಟ್ಟೆಗಾಗಿ ಗಂಡು ಹೆಣ್ಣುಗಳನ್ನು ಬೇರ್ಪಡಿಸುವವರ ಕೈಗೆ ಬರುವ ಈ ಭೇದದ ಮೂಲ ಇಷ್ಟು ಚಿಕ್ಕದು.

ಶಿಷ್ಯನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಕೆಲಸ ನಡೆದದ್ದು ನಮಗೆ ಇನ್ನೂ ಹತ್ತಿರದಲ್ಲಿ. ಹೈದರಾಬಾದಿನ ಡಿ.ಎನ್.ಎ. ಫಿಂಗರ್‌ಪ್ರಿಂಟಿಂಗ್ ಮತ್ತು ಡಯಾಗ್ನಾಸ್ಟಿಕ್ಸ್ ಕೇಂದ್ರದಲ್ಲಿದ್ದ ಡಾ. ಜವರೇಗೌಡ ನಾಗರಾಜು ಅವರ ತಂಡ, ಗೌರಿಬಿದನೂರಿನ ಗಡಿಯಾಚೆ ಹಿಂದೂಪುರದಲ್ಲಿರುವ ರೇಷ್ಮೆ ಸಂಶೋಧನಾ ಸಂಸ್ಥೆಯವರನ್ನೂ ಫ್ರಾನ್ಸಿನ ವಿಜ್ಞಾನಿಗಳನ್ನೂ ಕೂಡಿಕೊಂಡು, ಒಂದು ಹೊಸ ತಳಿಯನ್ನು ರೂಪಿಸಿತು. ಹಾಲುತೊಂಡೆ ವೈರಸ್ಸಿನ ಹಲವು ಅಗತ್ಯ ಜೀನುಗಳಿಗೆ ಎದುರಾದ ಜೋಡಿ ಎಳೆಯ ಆರ್.ಎನ್.ಎ.ಯನ್ನು ಈ ಹುಳು ತನ್ನ ಕೋಶಗಳಲ್ಲಿಯೇ ತಯಾರಿಸುತ್ತದೆ. ಕೋಶ ಅದನ್ನು ತುಂಡರಿಸಿ ಕಿರು ಆರ್.ಎನ್.ಎ. ಮಾಡಿಕೊಳ್ಳುತ್ತದೆ. ವೈರಸ್ಸು ಒಳಬಂದು ತನ್ನ ನಕಲುಗಳನ್ನು ಹೊರಡಿಸಿದೊಡನೆ ಅವು ನಾಶವಾಗುತ್ತವೆ. ಕಳ್ಳನ ಅಡುಗೆ ಕೆಟ್ಟಿತು, ಒಲೆ ಉಳಿಯಿತು. ಈ ತಳಿ ಸಾಮಾನ್ಯ ಹುಳುಗಳಿಗಿಂತ ಬಹಳ ಚೆನ್ನಾಗಿ ರೋಗವನ್ನು ತಡೆದುಕೊಂಡಿತೆಂದು 2013ರ ಜನವರಿಯಲ್ಲಿ ಅಚ್ಚಾದ ಪ್ರಬಂಧ ಹೇಳುತ್ತದೆ. ಅದು ಅಚ್ಚಾಗುವ ಹೊತ್ತಿಗೆ ನಾಗರಾಜು ಅವರು ಇರಲಿಲ್ಲ. 2012ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡಿದ್ದರು.

ಪ್ರಯೋಗಶಾಲೆಯ ಹುಳು ರೈತನ ತಟ್ಟೆಗೆ ಬರುವ ದಾರಿ ದೀರ್ಘವಾದುದು. ಹೊರಗಿನ ಜೀನನ್ನು ಸೇರಿಸಿದ ಜೀವಿಯಾದ್ದರಿಂದ ಸುರಕ್ಷತೆಯ ಪರೀಕ್ಷೆಗಳು ನಡೆಯಲೇಬೇಕು. ಗೂಡಿನ ತೂಕ, ನೂಲಿನ ಗುಣ ಇಳಿಯಬಾರದು. ಮೊಟ್ಟೆಯ ಬೆಲೆ ಸಣ್ಣ ರೈತನ ಕೈಗೆಟುಕಬೇಕು. ಆತುರಪಟ್ಟು ಭರವಸೆ ಕೊಡುವುದು ಸೋತ ಬೆಳೆಗಿಂತ ದೊಡ್ಡ ಮೋಸವಾದೀತು.

ಮುಂದಿನ ಸಲ ಹೋದಾಗ ಶಿಷ್ಯನಿಗೆ ಇದನ್ನೆಲ್ಲ ವಿವರಿಸಿದೆ. ಸಾವಧಾನವಾಗಿ ಕೇಳಿ, “ಅಂದರೆ ಮದ್ದನ್ನು ಹುಳಾನೇ ಮಾಡಿಕೊಳ್ಳಬೇಕು, ಅಷ್ಟೇ ತಾನೆ ಮೇಷ್ಟ್ರೇ? ಅದು ಬರುವ ತನಕ?” ಎಂದ. ಅದು ಬರುವ ತನಕ ಹಳೆಯ ದಾರಿಯೇ ಗತಿ: ಬೆಳೆ ಬೆಳೆಗೂ ಹುಳುಮನೆಯನ್ನೂ ತಟ್ಟೆಗಳನ್ನೂ ಸೋಂಕು ಹೋಗುವಂತೆ ತೊಳೆಯುವುದು, ಪರೀಕ್ಷಿಸಿದ ಮೊಟ್ಟೆಯನ್ನೇ ತರುವುದು, ಕಾಯಿಲೆಯ ಹುಳುವನ್ನು ಮೈ ಬಿರಿಯುವ ಮುನ್ನವೇ ಆರಿಸಿ ತೆಗೆಯುವುದು. ನಾನು ಹೊರಡುವಾಗ ಅವನು ಹೊಸ ಚಾಕಿಗೆಂದು ಮನೆಯ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದ.