ರಾತ್ರಿಯ ತಿನಿಸುಗಾಡಿ ಮತ್ತು ಗಡಿಯ ನುಡಿ

ಗಡಿಭಾಗದ ಭಾಷಾಸಂಪರ್ಕವನ್ನು ಕುರಿತು ಬರೆಯುವವರು ಕುಪವಾಡದಿಂದ ತೊಡಗುವುದು ವಾಡಿಕೆ. ಸಾಂಗಲಿ ಜಿಲ್ಲೆಯ ಆ ಊರನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದ್ದರೂ ಪದಗಳು ಬೇರೆಯಾಗಿಯೇ ಉಳಿದಿವೆ ಎಂದು ತೋರಿಸಿತು. ಸೊಪ್ಪು ಕೊಯ್ದು ತಂದುದನ್ನು ಹೇಳುವ ಅದರ ಪ್ರಸಿದ್ಧ ಉದಾಹರಣೆಯಲ್ಲಿ ಕನ್ನಡದ್ದು ‘ತಪ್ಪಲ’, ಮರಾಠಿಯದು ‘ಪಾಲಾ’. ವಾಕ್ಯದ ಅಚ್ಚು ಮಾತ್ರ ಒಂದೇ. ನಮ್ಮ ಮನೆಮಾತು ಬೇರೆ ಎಂಬ ಗುರುತನ್ನು ಅಲ್ಲಿ ಪದಗಳು ಹೊತ್ತಿದ್ದವು.

ಹೊಲ ಮತ್ತು ಮನೆಯ ಮಾತಿಗೆ ಸಲ್ಲುವ ಈ ತೀರ್ಮಾನ ಸಂತೆಯ ಮಾತಿಗೂ ಸಲ್ಲುತ್ತದೆಯೇ? ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ ಮತ್ತು ಅದರ ಮಗ್ಗುಲಿನ ಕೊರೋಚಿ ಈ ಪ್ರಶ್ನೆಗೆ ತಕ್ಕ ನೆಲ. ವಿದ್ಯುತ್ ಮಗ್ಗಗಳ ಈ ಸೀಮೆಯಲ್ಲಿ ಹನ್ನೆರಡು ತಾಸಿನ ಪಾಳಿ ಸಾಮಾನ್ಯ. ಪಾಳಿ ಬದಲಾಗುವ ಹೊತ್ತಿಗೆ ತಿನಿಸಿನ ಗಾಡಿಗಳಿಗೆ ಗಿರಾಕಿಗಳು ಕೂಡುತ್ತಾರೆ. ಬಿಸಿ ವಡೆಯ ಮುಂದೆ ನಿಂತವನ ಮನೆಮಾತನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಕುಪವಾಡದ ಸೂತ್ರ ತಿರುವುಮುರುವಾಗುತ್ತದೆ. ಪದ ಒಂದೇ, ಬೇರೆಯಾಗುವುದು ಪ್ರತ್ಯಯ. ಮುಂಬಯಿಯವರು ‘ಕುರ್ಮುರೆ’ ಎನ್ನುವ ವಸ್ತು ಕೊಲ್ಹಾಪುರದ ಮರಾಠಿಯಲ್ಲಿ ‘ಚಿರ್ಮುರೆ’, ಬೆಳಗಾವಿ ಕಡೆಯ ಕನ್ನಡದಲ್ಲಿ ‘ಚುರಮುರಿ’. ಬೆಂಗಳೂರಿನಲ್ಲಾದರೆ ಚುರುಮುರಿ ಎಂದರೆ ಈರುಳ್ಳಿ, ಕ್ಯಾರೆಟ್ಟು ಬೆರೆಸಿ ಕಲಸಿಕೊಟ್ಟ ತಿನಿಸು. ಗಡಿಯಲ್ಲಿ ಅದು ಬರಿಯ ಕಾಳು. ಕಲಸಿದ್ದಕ್ಕೆ ಬೇರೆ ಹೆಸರುಗಳಿವೆ: ಗಿರ್ಮಿಟ್ಟು, ಭೇಳ, ಭಡಂಗ. ಅಂದರೆ ಅರ್ಥದ ದೃಷ್ಟಿಯಿಂದ ಗಡಿಯ ಕನ್ನಡಿಗನು ಬೆಂಗಳೂರಿನವನಿಗಿಂತ ನೆರೆಯ ಮರಾಠಿಗನಿಗೇ ಹತ್ತಿರ. ‘ಪುಟಾಣಿ’ ಮತ್ತು ‘ಫುಟಾಣೆ’ಗಳದೂ ಇಂಥದೇ ನಂಟು.

ಇನ್ನೂ ಸ್ವಾರಸ್ಯಕರವಾದುದು ‘ಕಟ್’. ವಡೆಯ ಮೇಲೆ, ಮಿಸಳದ ಮೇಲೆ ಸುರಿಯುವ ಖಾರದ ತಿಳಿರಸಕ್ಕೆ ಈ ಹೆಸರು. ವಡೆಯ ಹೆಸರೇ ‘ಕಟ್ ವಡಾ’. ನಮ್ಮಲ್ಲಿ ಹೋಳಿಗೆಯ ದಿನ ಬೇಳೆ ಬಸಿದ ನೀರು ‘ಕಟ್ಟು’, ಅದರಿಂದಾದದ್ದು ಕಟ್ಟಿನ ಸಾರು. ಮರಾಠಿ ಮನೆಗಳಲ್ಲಿಯೂ ಹೋಳಿಗೆಯ ಜೊತೆಗೆ ‘ಕಟಾಚಿ ಆಮಟಿ’ ಆಗುತ್ತದೆ. ಹಬ್ಬದ ಅಡುಗೆಮನೆಯ ಈ ಪದ ಬೀದಿಗಿಳಿದು, ಬೇಳೆಯನ್ನು ಹಿಂದೆ ಬಿಟ್ಟು, ಎಣ್ಣೆ ಮತ್ತು ಖಾರವನ್ನು ಕೂಡಿಕೊಂಡಿದೆ. ಯಾರು ಯಾರಿಂದ ಪಡೆದರು ಎಂಬ ವ್ಯಾಜ್ಯಕ್ಕಿಂತ ಈ ಅರ್ಥಪಲ್ಲಟವನ್ನು ಗುರುತಿಸುವುದು ಹೆಚ್ಚು ಫಲಕಾರಿ ಎಂದು ನನ್ನ ಭಾವನೆ.

ಆ ಖಾರವೂ ಗಡಿ ದಾಟಿದ್ದೇ. ಗಡಹಿಂಗ್ಲಜದ ಪೇಟೆಗೆ ಹೆಸರು ತಂದ ಒಣಮೆಣಸಿನಕಾಯಿ ‘ಸಂಕೇಶ್ವರಿ’. ಸಂಕೇಶ್ವರವಿರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ. ಅದನ್ನು ಬಣ್ಣಿಸುವ ‘ಜವಾರಿ’ ಎಂಬ ಮಾತಂತೂ ಉಭಯ ಭಾಷೆಗಳ ಸಮಾನ ಸ್ವತ್ತು.

ಹೀಗೆ ಹೆಸರುಗಳು ಸಮಾನವಾದಾಗ ಕನ್ನಡ ಉಳಿಯುವುದು ಎಲ್ಲಿ? ‘ಎರಡು ವಡಾ ಕೊಡ್ರಿ’ ಎಂಬಲ್ಲಿ ಎಣಿಕೆ, ಕ್ರಿಯಾಪದ ಮತ್ತು ಗೌರವದ ‘ರಿ’ ಮಾತ್ರ ಕನ್ನಡ. ‘ಎರಡು’ ಹೋಗಿ ‘ದೋನ್’ ಬಂದರೆ ‘ಕೊಡ್ರಿ’ಯೊಂದೇ ಉಳಿಯುತ್ತದೆ. ‘ಅಣ್ಣಾ’, ‘ಅಕ್ಕಾ’ ಎಂಬ ಕರೆಗಳಿಂದ ಏನನ್ನೂ ನಿರ್ಧರಿಸಲಾಗದು. ಅವು ಎರಡೂ ಭಾಷೆಗಳಲ್ಲಿವೆ.

ಜನಗಣತಿಯು ವ್ಯಕ್ತಿಯ ಮಾತೃಭಾಷೆಯನ್ನೂ ಅವನು ಬಲ್ಲ ಇನ್ನೆರಡು ಭಾಷೆಗಳನ್ನೂ ದಾಖಲಿಸುತ್ತದೆ. ಯಾವುದನ್ನು ಎಲ್ಲಿ, ಯಾರೊಡನೆ ಆಡುತ್ತಾನೆಂದು ಕೇಳುವುದಿಲ್ಲ. ನಮ್ಮ ಸಮೀಕ್ಷೆಗಳೂ ಹಗಲಿನಲ್ಲಿ, ಶಾಲೆ ಮತ್ತು ಮನೆಗಳಲ್ಲಿ ನಡೆಯುತ್ತವೆ. ಅಷ್ಟರಲ್ಲಿ ಮಗ್ಗದ ದುಡಿಮೆಗೆ ಉತ್ತರಪ್ರದೇಶ, ಬಿಹಾರಗಳ ಕಾರ್ಮಿಕರೂ ಬಂದಿದ್ದಾರೆ. ಕುಪವಾಡದಲ್ಲಿ ಯಾರ ಪಕ್ಷವೂ ಅಲ್ಲದ ನಡುಭಾಷೆಯಾಗಿ ಮರಾಠಿ ವಹಿಸಿದ್ದ ಪಾತ್ರ ಇಲ್ಲಿ ಹಿಂದಿಗೆ ಹೋಗುತ್ತಿದೆಯೇ ಎಂಬುದು ತಿಳಿಯಬೇಕಾದರೆ ಕತ್ತಲಾದ ಮೇಲೆ ಗಾಡಿಯ ಬಳಿ ನಿಂತು, ಕೇಳುವ ಮಾತು, ಎಣಿಸುವ ಮಾತು, ಚೌಕಾಸಿಯ ಮಾತು ಇವನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಎಣಿಕೆಯ ಮಾತನ್ನು ಮೊದಲು ಗಮನಿಸುವುದು ಒಳಿತು.