ಹರಿಯೂದಲ್ಲ, ಆರಿಸೂದು

ನಾನು ಗೇಟು ತೆಗೆದಾಗ ಕಾಕು ತಲೆ ಎತ್ತಲಿಲ್ಲ. ಎಡಗೈ ಮೇಲೆತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ಬಲಗೈ ಮಾತ್ರ ನಿಂತಿರಲಿಲ್ಲ. ಹಳೆಯ ಇಳಕಲ್ಲ ಸೀರೆಯ ಮೇಲೆ ರಾಶಿ ಬಿದ್ದಿದ್ದ ಪಾರಿಜಾತದಿಂದ ಐದೈದೇ ಹೂವು, ಕೇಸರಿ ತೊಟ್ಟು ಹಿಡಿದು, ಬಿದಿರು ಬುಟ್ಟಿಗೆ. ಇಪ್ಪತ್ತು ಸಲ ಕೈ ಹೋಗಿ ಬಂದರೆ ನೂರು. ನೂರಾದೊಡನೆ ಪಕ್ಕದ ಹಿತ್ತಾಳೆ ತಾಟಿಗೆ ಒಂದು ಕವಡೆ. ಕವಡೆ ಟಣ್ಣೆಂದ ಮೇಲೆಯೇ ನನ್ನತ್ತ ನೋಡಿದ್ದು.

"ಬಾ ತಮ್ಮಾ. ನಡು ಎಣಿಕಿಯೊಳಗ ಮಾತಾಡಿದ್ರ ತಪ್ತದ. ತಪ್ಪಿದ್ರ ಆ ನೂರು ಮತ್ತ ಮೊದಲಿಂದ."

ಧಾರವಾಡದ ಮಾಳಮಡ್ಡಿ. ಬೆಳಗಿನ ಆರು ಗಂಟೆ ಆಗಿರಲಿಲ್ಲ. ಮನೆಯಂಗಳದ ಹಳೆಯ ಹೂಗಿಡಗಳ ಬಗ್ಗೆ ಬರೆಯಬೇಕೆಂದು ಹೊರಟವನು ನಾನು. ದಾಸವಾಳ, ಕಣಗಿಲೆ, ನಂದಿಬಟ್ಟಲು ಎಲ್ಲವೂ ಪಟ್ಟಿಯಲ್ಲಿದ್ದವು. ಕಾಕುವಿನ ಅಂಗಳ ನೋಡಿದ ಮೇಲೆ ಆ ಪಟ್ಟಿ ಕಿಸೆಯಲ್ಲೇ ಉಳಿಯಿತು. ಎಂಬತ್ತರ ಹತ್ತಿರದ ಈ ಹೆಂಗಸನ್ನು ಓಣಿಯೆಲ್ಲ ಕಾಕು ಎಂದೇ ಕರೆಯುತ್ತದೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. "ವ್ರತ ಮಾಡಿ ಪೇಪರಿನ್ಯಾಗ ಹಾಕ್ಸಿಕೊಂಡ್ರ ಪುಣ್ಯ ಅಲ್ಲೇ ಮುಗೀತದ" ಎಂಬುದು ಅವರ ಲೆಕ್ಕ.

ವ್ರತ ಎಂದರೆ ಲಕ್ಷ ಪಾರಿಜಾತ. ಚಾತುರ್ಮಾಸದ ನಾಲ್ಕು ತಿಂಗಳಲ್ಲಿ ದೇವರಿಗೆ ಒಂದು ಲಕ್ಷ ಹೂವು ಎಣಿಸಿ ಏರಿಸುವುದು. ಲಕ್ಷ ಬತ್ತಿ, ಲಕ್ಷ ತುಳಸಿಗಳಂತೆ ಇದೂ ಒಂದು. ನಾಲ್ಕು ತಿಂಗಳಿಗೆ ಭಾಗಿಸಿದರೆ ದಿನಕ್ಕೆ 830ರ ಮೇಲೆ ಬೀಳುತ್ತದೆ. ಆದರೆ ಗಿಡ ನಮ್ಮ ಭಾಗಾಕಾರ ಕೇಳುವುದಿಲ್ಲ. ಆಷಾಢದಲ್ಲಿ ನಾಲ್ಕು ಹೂವು ತೋರಿಸಿ ಸುಮ್ಮನಾಗುತ್ತದೆ, ಶ್ರಾವಣ ಕಳೆದ ಮೇಲೆ ಒಮ್ಮೆಲೇ ಸುರಿಯುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಚೌಕದಲ್ಲಿ ಪೆನ್ಸಿಲಿನ ಅಂಕಿಗಳಿವೆ: 640, 1,120, 905. ಕೆಲವು ಚೌಕಗಳಲ್ಲಿ ಅಂಕಿಯೇ ಇಲ್ಲ, 'ಮಳಿ' ಎಂದು ಬರೆದಿದೆ. ರಾತ್ರಿ ಜೋರು ಮಳೆ ಹೊಡೆದರೆ ಹೂವು ಮಣ್ಣಿಗೆ ಅಂಟಿಕೊಂಡು ಕರಗಿದಂತಾಗುತ್ತದೆ. ಅಂಥದ್ದನ್ನು ಅವರು ಎಣಿಸುವುದಿಲ್ಲ.

ಬೇರೆ ಹೂವಾದರೆ ನೆಲಕ್ಕೆ ಬಿದ್ದದ್ದು ಪೂಜೆಗೆ ಬಾರದು. ಪಾರಿಜಾತಕ್ಕೆ ಆ ಕಟ್ಟಳೆಯಿಲ್ಲ, ಬಿದ್ದದ್ದೇ ಸಲ್ಲುವುದು. ನಾನು ಗೊತ್ತಿಲ್ಲದೆ "ದಿನಾ ಹೂವು ಹರೀಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿ ಬೈಸಿಕೊಂಡೆ. "ಹರಿಯೂದಲ್ಲೋ, ಆರಿಸೂದು. ತಾನಾಗಿ ಬಿಟ್ಟಿದ್ದು ತಗೋಬೇಕು. ಗಿಡದ ಕೈಯಾಗಿಂದು ಕಸಗೋಬಾರದು."

ಹಾಗಾಗಿ ಕಾಕುವಿನ ತೋಟಗಾರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ನೆಲದ್ದು. ನಾವು ಗಿಡ ಬೆಳೆಸುವವರು ಮೇಲೆ ನೋಡುತ್ತೇವೆ, ಇವರು ಕೆಳಗೆ ನೋಡುತ್ತಾರೆ. ಸಂಜೆ ಗಿಡದ ಬುಡ ಗುಡಿಸುತ್ತಾರೆ. ಎರಡು ದಿನಕ್ಕೊಮ್ಮೆ ಸಗಣಿ ನೀರು ಚಿಮುಕಿಸುತ್ತಾರೆ. ಅದು ಆರಿದ ಮೇಲೆ ಸೀರೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುತ್ತಾರೆ. ಕತ್ತಲಾಗುತ್ತಿದ್ದಂತೆ ಮೊಗ್ಗು ಬಿರಿಯುತ್ತದೆ. ಬೆಳಗಿನ ಜಾವಕ್ಕೆ ಎಸಳುಗಳ ಚಕ್ರ ತೊಟ್ಟಿನ ಸಮೇತ ಕಳಚಿ ಬೀಳುತ್ತದೆ. ಬಹುಪಾಲು ಹೂವುಗಳು ಮುಖ ಕೆಳಗೆ ಮಾಡಿ, ಕೇಸರಿ ತೊಟ್ಟು ಮೇಲೆ ಮಾಡಿ ಬಿದ್ದಿರುತ್ತವೆ. ಎತ್ತಿಕೊಳ್ಳಲೆಂದೇ ಹಿಡಿಕೆ ಕೊಟ್ಟ ಹಾಗೆ. ಬೆಳಿಗ್ಗೆ ಸೀರೆಯ ನಾಲ್ಕೂ ಮೂಲೆ ಎತ್ತಿದರೆ ಹೂವೆಲ್ಲ ನಡುವಿಗೆ ಜಾರುತ್ತದೆ. ಎರಡು ಸಲ ಮೆಲ್ಲಗೆ ಅಲುಗಿಸಿದರೆ ಇರುವೆಗಳು ಇಳಿದು ಹೋಗುತ್ತವೆ. ಬಿಸಿಲೇರುವುದರೊಳಗೆ ಎಣಿಕೆ ಮುಗಿಯಬೇಕು. ಹತ್ತು ಗಂಟೆಗೆ ಎಸಳು ಸುಕ್ಕಿ ಒಂದಕ್ಕೊಂದು ಅಂಟಿಕೊಂಡು ಎಣಿಸಲು ಬರುವುದಿಲ್ಲ.

ಗಿಡದ ಇತಿಹಾಸ ಕೇಳಿದರೆ ಕಾಕು ದ್ವಾರಕೆಗೆ ಹೋಗುತ್ತಾರೆ. ನಾರದ ತಂದ ಒಂದೇ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದು, ಸತ್ಯಭಾಮೆ ಮುನಿದದ್ದು, ಇಂದ್ರನ ತೋಟದ ಗಿಡವೇ ಭೂಮಿಗೆ ಬಂದದ್ದು, ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಾದರೂ ಹೂವು ಬಿದ್ದದ್ದು ರುಕ್ಮಿಣಿಯ ಅಂಗಳಕ್ಕೆ. ಈ ಸೀಮೆಯಲ್ಲಿ ಆ ಕತೆಯನ್ನು ಪುರಾಣದಿಂದ ಕಲಿತವರಿಗಿಂತ ಆಟ ನೋಡಿ ಕಲಿತವರೇ ಹೆಚ್ಚು. ಅಪರಾಳ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ವನ್ನು ಬೆಳಗಾವಿ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ. ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಒಯ್ದರು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಂಡ ದೂತಿಯ ನಡಿಗೆಯನ್ನು ಕಾಕು ಕೂತಲ್ಲೇ ಭುಜ ಕುಣಿಸಿ ತೋರಿಸಿದರು. ಅಷ್ಟರಲ್ಲಿ ಎಣಿಕೆ ತಪ್ಪಿತು. ಬೈಸಿಕೊಂಡವನು ಮತ್ತೆ ನಾನೇ.

ಪುಸ್ತಕದ ಇತಿಹಾಸವೂ ಸ್ವಲ್ಪ ಇದೆ. ಪಕ್ಕದ ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು 'ದುಃಖದ ಮರ' ಎಂದು ವರ್ಣಿಸಿದ. ಸೂರ್ಯನನ್ನು ಪ್ರೀತಿಸಿ ಕೈಬಿಡಲ್ಪಟ್ಟ ಹುಡುಗಿಯೊಬ್ಬಳ ಚಿತೆಯ ಬೂದಿಯಿಂದ ಹುಟ್ಟಿದ್ದು, ಅದಕ್ಕೇ ಸೂರ್ಯನ ಮುಖ ನೋಡದೆ ಉದುರುತ್ತದೆ ಎಂಬ ಕತೆಯನ್ನೂ ಹೇಳಿದ. 1753ರಲ್ಲಿ ಲಿನೇಯಸ್ ಇಟ್ಟ ಶಾಸ್ತ್ರೀಯ ಹೆಸರು ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್, ಅಂದರೆ ಇರುಳಿನ ಹೂವು, ದುಃಖದ ಮರ. ಬಂಗಾಳದಲ್ಲಿ ಇದೇ ಶಿಉಲಿ, ದುರ್ಗಾ ಪೂಜೆ ಹತ್ತಿರ ಬಂತೆಂದು ಸಾರುವ ಹೂವು. ಆ ರಾಜ್ಯದ ಪುಷ್ಪವೂ ಹೌದು. ದುಃಖದ ವಿಷಯ ಹೇಳಿದರೆ ಕಾಕು ಒಪ್ಪಲಿಲ್ಲ. "ಅವಗೇನ್ ತಿಳೀತದ? ರಾತ್ರಿ ಎದ್ದು ನೋಡ್ಯಾನೇನು?"

ಅವರು ರಾತ್ರಿ ಎದ್ದು ನೋಡುತ್ತಾರೆ.

ಬೆಳೆಸುವ ವಿಷಯಕ್ಕೆ ಬರೋಣ, ಓದುಗರು ಅದನ್ನೇ ಕೇಳುತ್ತಾರೆ. ಪಾರಿಜಾತ ಮಲ್ಲಿಗೆಯ ಕುಟುಂಬದ್ದು. ಕೊಂಬೆ ಚೌಕಾಕಾರ, ಎಲೆ ಬಡಗಿಯ ಮರಳು ಕಾಗದದಷ್ಟು ಒರಟು. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಇಷ್ಟಾದರೆ ಗೊಬ್ಬರಕ್ಕೆ ಹಟ ಮಾಡುವುದಿಲ್ಲ. ಚಪ್ಪಟೆ ಕಾಯಿ ಒಣಗಿ ಕಂದಾದಾಗ ಬಿಡಿಸಿದರೆ ಎರಡು ಬೀಜ. ಆ ವರ್ಷದ ಬೀಜವನ್ನೇ ಹಾಕಬೇಕು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಟೊಂಗೆ ನೆಟ್ಟರೂ ಹತ್ತುತ್ತದೆ.

ಜನ ತಪ್ಪುವುದು ಬೇಸಿಗೆಯಲ್ಲಿ. ಶಿವರಾತ್ರಿ ಹೊತ್ತಿಗೆ ಎಲೆ ಉದುರಲು ಶುರುವಾಗಿ ಗಿಡ ಬರಿ ಕಡ್ಡಿಯಾಗಿ ನಿಲ್ಲುತ್ತದೆ. ಸತ್ತಿತೆಂದು ಕೊಡಲಿ ಹಾಕಿದವರಿದ್ದಾರೆ. ಗಾಬರಿಯಾಗಿ ಕೊಡಗಟ್ಟಲೆ ನೀರು ಸುರಿದು ಬೇರು ಕೊಳೆಸಿದವರೂ ಇದ್ದಾರೆ. ಆ ಎರಡನೆಯ ಗುಂಪಿನಲ್ಲಿ ನಾನೂ ಒಬ್ಬ. ಹುಬ್ಬಳ್ಳಿಯ ನಮ್ಮ ಮನೆಯ ಮೂರು ವರ್ಷದ ಗಿಡವನ್ನು ಹಾಗೆ ಕಳೆದುಕೊಂಡೆ. ಆ ಹೊತ್ತಿನಲ್ಲಿ ಕಾಕು ಮಾಡುವುದು ಇಷ್ಟೇ: ಕಾಯಿ ಬಲಿತು ಬೀಜ ತೆಗೆದ ಮೇಲೆ ಪ್ರತಿ ಟೊಂಗೆಯನ್ನೂ ಮೂರರಲ್ಲೊಂದು ಪಾಲು ಕತ್ತರಿಸುತ್ತಾರೆ. ಹೊಸ ಚಿಗುರಿಗೇ ಹೂವು ಬರುವುದರಿಂದ ಈ ಕತ್ತರಿ ತಪ್ಪಬಾರದು. ಆಮೇಲೆ ಮಳೆ ಬೀಳುವ ತನಕ ವಾರಕ್ಕೊಂದು ಕೊಡ ನೀರು. "ಮಲಗಿದವರನ್ನ ಎಬ್ಬಿಸಿ ಊಟಕ್ಕ ಹಾಕ್ತಾರೇನು?"

ಕತ್ತರಿಸುವಾಗ ಒಂದು ಟೊಂಗೆಯನ್ನು ಮಾತ್ರ ಅವರು ಮುಟ್ಟುವುದಿಲ್ಲ. ಬಿಸಿಲನ್ನು ಹುಡುಕಿ ಅದು ಕಂಪೌಂಡ್ ಗೋಡೆ ದಾಟಿ ರಸ್ತೆಯ ಮೇಲೆ ಚಾಚಿಕೊಂಡಿದೆ. ಸತ್ಯಭಾಮೆಯ ಕತೆಯೇ! ಗಿಡ ಇವರದು, ಹೂವಿನಲ್ಲಿ ಕಾಲು ಪಾಲು ಡಾಂಬರಿನದು. ರಸ್ತೆಗೆ ಬಿದ್ದದ್ದು ಲಕ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಹಾಗೆಂದು ಬಿಡುವುದೂ ಇಲ್ಲ. ಎಣಿಕೆ ಮುಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಗೇಟಿನಾಚೆ ಕೂತು ಅದನ್ನೂ ಆರಿಸುತ್ತಾರೆ. ತೊಟ್ಟು ಬಿಡಿಸಿ ನೆರಳಲ್ಲಿ ಒಣಗಿಸುತ್ತಾರೆ. ಕೇಸರಿಗೆ ಬಣ್ಣ ಕೊಡುವ ಕ್ರೋಸೆಟಿನ್ ಈ ತೊಟ್ಟಿನಲ್ಲೂ ಇದೆ. ಹಿಂದೆ ರೇಷ್ಮೆಗೆ ಬಣ್ಣ ಹಾಕಲು ಇದನ್ನು ಕುದಿಸುತ್ತಿದ್ದರು. ಕಾಕು ಟ್ರಂಕಿನಿಂದ ಒಂದು ರೇಷ್ಮೆ ತುಂಡು ತೆಗೆದು ತೋರಿಸಿದರು. ಮಡಿಕೆಯ ಒಳಗೆ ಹಣ್ಣಾದ ಕಿತ್ತಳೆ ಬಣ್ಣ, ಬೆಳಕು ತಾಗಿದ ಅಂಚಿನಲ್ಲಿ ತೆಳು ಅರಿಶಿನ. ನಿಲ್ಲುವ ಬಣ್ಣವಲ್ಲ.

ಮಾಳಮಡ್ಡಿಯ ಅಂಗಳಗಳು ಒಂದೊಂದಾಗಿ ಮುಚ್ಚುತ್ತಿವೆ. ಎದುರು ಮನೆಯವರು ಕಾರು ನಿಲ್ಲಿಸಲು ಇಂಟರ್‌ಲಾಕ್ ಇಟ್ಟಿಗೆ ಹಾಸಿದರು. ಅವರ ಗಿಡ ಇನ್ನೂ ಇದೆ, ಹೂವೂ ಬೀಳುತ್ತದೆ. ಬಿಸಿಯುಳಿದ ಇಟ್ಟಿಗೆಗೆ ಅಂಟಿ ಕಂದಾದ ಹೂವನ್ನು ಕೆಲಸದಾಕೆ ಪೈಪು ಹಿಡಿದು ಗಟಾರಕ್ಕೆ ತೊಳೆಯುತ್ತಾಳೆ. ಇನ್ನೊಂದು ಮನೆಯವರು ಕಂಬಳಿಹುಳದ ನೆಪದಲ್ಲಿ ಕಡಿಸಿಯೇಬಿಟ್ಟರು. ನರ್ಸರಿಯವರು ಪಾರಿಜಾತ ಕುಂಡದಲ್ಲೂ ಬರುತ್ತದೆ ಎನ್ನುತ್ತಾರೆ, ಬರುತ್ತದೆ ಕೂಡ. ಆದರೆ ಕುಂಡದ ಸುತ್ತ ಹೂವು ಬೀಳಲು ಜಾಗ ಎಲ್ಲಿ? ಗಿಡಕ್ಕೆ ಬೇಕಾದ ಮಣ್ಣು ಒಂದು ಬುಟ್ಟಿ, ಹೂವಿಗೆ ಬೇಕಾದದ್ದು ಒಂದು ಅಂಗಳ. ಹೊಸ ಮನೆ ಕಟ್ಟಿಸುವವರು ಎಂಟು ಅಡಿ ಚೌಕದ ಬರಿ ನೆಲವನ್ನಾದರೂ ಬಿಟ್ಟುಕೊಳ್ಳಲಿ ಎಂಬುದು ನನ್ನ ಆಸೆ. ವಾಸ್ತುವಿನವರಿಗೆ ಬಿಡುವಷ್ಟು ಜಾಗ ಸಾಕು.

ಕಳೆದ ವರ್ಷ ಕಾಕುವಿನ ಎಣಿಕೆ ಲಕ್ಷ ಮುಟ್ಟಲಿಲ್ಲ. ಕ್ಯಾಲೆಂಡರಿನಲ್ಲಿ 'ಮಳಿ' ಹೆಚ್ಚಿದ್ದವು, ಮೊಣಕಾಲು ನೋವೂ ಕೆಲವು ಚೌಕಗಳನ್ನು ತಿಂದಿತ್ತು. ಉಳಿದದ್ದನ್ನು ಈ ವರ್ಷಕ್ಕೆ ಸೇರಿಸಬಹುದೇ ಎಂದು ಕೇಳಿದೆ. "ಅದು ಬ್ಯಾಂಕಿನ ಖಾತೆಯೇನು?" ಎಂದರು. ಈ ವರ್ಷ ಮತ್ತೆ ಒಂದರಿಂದ ಶುರು.

ಹೊರಡುವಾಗ ಕಾಗದದ ಪೊಟ್ಟಣದಲ್ಲಿ ಎಂಟು ಬೀಜ ಕೊಟ್ಟರು. ನಾಲ್ಕು ಹುಟ್ಟಿವೆ. ಮಾಳಮಡ್ಡಿಯ ಆ ಓಣಿಯಲ್ಲಿ ಬೆಳಿಗ್ಗೆ ಗಾಡಿ ಓಡಿಸುವವರಲ್ಲಿ ಒಂದು ಮಾತು: ಏಳು ಗಂಟೆಯ ತನಕ ಗೋಡೆಯ ಪಕ್ಕ ಬಿಟ್ಟು ಸ್ವಲ್ಪ ನಡುವಿಗೆ ಹೋಗಿ. ಅಲ್ಲಿ ಒಬ್ಬರು ಕೂತು ಹೂವು ಆರಿಸುತ್ತಿರುತ್ತಾರೆ.