ಹೋದ ಮೂಳೆಯ ಜಾಗಕ್ಕೆ ಲೋಹದ ಮೂಳೆ

ಆಡುವ ಮಗು ಮೊಣಕಾಲು ನೋವು ಎಂದರೆ ನಾವೇನು ಮಾಡುತ್ತೇವೆ? "ಎಲ್ಲೋ ಬಿದ್ದಿರಬೇಕು" ಅಂತ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತೇವೆ. ಹೆಚ್ಚಿನ ಸಲ ವಾಸಿಯೂ ಆಗುತ್ತದೆ. ಆದರೆ ನೋವು ರಾತ್ರಿ ಹೆಚ್ಚಾಗಿ, ಗಟ್ಟಿ ಊತ ಕಂಡು, ಎರಡು ಮೂರು ವಾರವಾದರೂ ಇಳಿಯದಿದ್ದರೆ ತಿಕ್ಕುವುದೂ ಬೇಡ, ನಾಟಿ ಕಟ್ಟೂ ಬೇಡ, ಎಕ್ಸ್‌ರೇ ತೆಗೆಸಿ. ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ ಬರುವ ಮೂಳೆ ಕ್ಯಾನ್ಸರ್ ಅಪರೂಪವೇ ಸರಿ. ಆದರೆ ಬಂದರೆ ಹೆಚ್ಚಾಗಿ ಮೊಣಕಾಲಿನ ಆಸುಪಾಸಿನಲ್ಲೇ ಬರುತ್ತದೆ.

"ಕ್ಯಾನ್ಸರ್ ಅಂದಮೇಲೆ ಕಾಲು ಕತ್ತರಿಸ್ತಾರೆ" ಎಂದು ಹೆದರಿ ತಡಮಾಡುವವರುಂಟು. ಹಿಂದೆ ಆ ಮಾತು ನಿಜವಾಗಿತ್ತು. ಈಗ ಬೇಗ ಹೋದರೆ ಬಹಳ ಮಂದಿಯ ಕಾಲು ಉಳಿಯುತ್ತದೆ. ಮೊದಲು ಕೀಮೋಥೆರಪಿ ಕೊಟ್ಟು, ಆಮೇಲೆ ರೋಗ ಹಿಡಿದ ಭಾಗವನ್ನಷ್ಟೇ ತೆಗೆದು, ಅಷ್ಟೇ ಉದ್ದದ ಲೋಹದ ಮೂಳೆಯನ್ನು ಕೀಲಿನ ಸಮೇತ ಕೂರಿಸುತ್ತಾರೆ. ಅದರ ತುದಿಯ ಕಡ್ಡಿ, ಉಳಿದ ಮೂಳೆಯ ಟೊಳ್ಳಿನೊಳಗೆ ಇಳಿದು ಭದ್ರವಾಗಿ ನಿಲ್ಲುತ್ತದೆ.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1940ರಲ್ಲಿ ಅಮೆರಿಕದ ವೈದ್ಯರಾದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್, ಗೆಡ್ಡೆಯಿಂದ ಹಾಳಾದ ತೊಡೆಮೂಳೆಯ ಮೇಲ್ಭಾಗ ತೆಗೆದು ಕೋಬಾಲ್ಟ್-ಕ್ರೋಮಿಯಂ ಬೆರಕೆಯ ಲೋಹ ಇಟ್ಟರು. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್, ರಕ್ತದ ಓಟ ನೋಡಲೆಂದು ಮೊಲದ ಕಾಲುಮೂಳೆಯಲ್ಲಿ ಟೈಟಾನಿಯಂ ತುಣುಕು ಇಟ್ಟಿದ್ದರು. ಕೊನೆಗೆ ತೆಗೆಯಹೋದರೆ ಬರಲೇ ಇಲ್ಲ! ಮೂಳೆ ಅದನ್ನು ತನ್ನದೇ ಎನ್ನುವಂತೆ ಅಪ್ಪಿಕೊಂಡಿತ್ತು. ಟೈಟಾನಿಯಂ ನಮ್ಮ ಸ್ಟೀಲ್‌ಗಿಂತ ಬಹಳ ಹಗುರ. ಮೈಯೊಳಗಿನ ಉಪ್ಪುನೀರಿಗೂ ತುಕ್ಕು ಹಿಡಿಯದು.

"ಬೆಳೆಯುವ ಮಗುವಿಗೆ ಹೇಗೆ?" ಎಂದು ಕೇಳುತ್ತೀರಿ. ಉದ್ದ ಮಾಡಬಹುದಾದ ಲೋಹದ ಮೂಳೆಗಳೂ ಇವೆ. ಕೆಲವನ್ನು ಮತ್ತೆ ಕುಯ್ಯದೆ, ಹೊರಗಿನಿಂದಲೇ ಅಯಸ್ಕಾಂತದ ಬಲದಿಂದ ಮಿಲಿಮೀಟರ್ ಲೆಕ್ಕದಲ್ಲಿ ಹಿಗ್ಗಿಸುತ್ತಾರೆ. ಬೆಲೆ ಮಾತ್ರ ದುಬಾರಿ.

ಮನೆಗೆ ಬಂದ ಮೇಲೆ ನಮ್ಮ ಕೆಲಸ ಶುರು. ಹೇಳಿಕೊಟ್ಟ ವ್ಯಾಯಾಮವನ್ನು ಮಗು ಅತ್ತರೂ ಬಿಡದೆ ಮಾಡಿಸಿ. ನೆಗೆತ, ಕುಕ್ಕರುಗಾಲು ಬೇಡ. ಸೋಂಕೇ ದೊಡ್ಡ ಶತ್ರು: ಜ್ವರ, ಗಾಯದ ಹತ್ತಿರ ಕೆಂಪು, ಕೀವು ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ಹಲ್ಲಿನ ಡಾಕ್ಟರಿಗೂ, ಸ್ಕ್ಯಾನ್ ಮಾಡುವವರಿಗೂ ಲೋಹದ ವಿಷಯ ಮೊದಲೇ ತಿಳಿಸಿ. ವರ್ಷಗಳ ನಂತರ ಅದು ಸಡಿಲವಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಲೂಬಹುದು.

ಆದರೂ ಮಗು ತನ್ನ ಕಾಲ ಮೇಲೆ ನಡೆದು ಶಾಲೆಗೆ ಹೋಗುವುದು ಸಣ್ಣ ಮಾತೇ? ಕಾಲು ಹೋದೀತೆಂಬ ಹೆದರಿಕೆಯಲ್ಲಿ ತಡಮಾಡಿ, ಕಾಲನ್ನೂ ಮಗುವನ್ನೂ ಕಳೆದುಕೊಳ್ಳುವಂತಾಗಬಾರದು, ಸೋದರಿಯರೇ.